ಬಾಗಿಲು ಹೊತ್ತವನ ಪಂಚನಾಮೆ

ನಿಲಂಗಾ ಕೋರ್ಟಿನ ಎದುರಿಗೆ, ಝೆರಾಕ್ಸ್ ಅಂಗಡಿಗೂ ಒಂದು ಬೇವಿನ ಮರಕ್ಕೂ ನಡುವೆ ಇರುವ ತಗಡಿನ ಶೆಡ್ಡಿನಲ್ಲಿ ಕೂತು ನಾಗನಾಥ ಇಪ್ಪತ್ತೆಂಟು ವರ್ಷ ಮಂದಿಯ ಅಫಿಡವಿಟ್ ಟೈಪ್ ಮಾಡಿದ್ದ. ಹೆಸರು ಬದಲಾದವರು, ಹುಟ್ಟಿದ ತಾರೀಖು ಕಳೆದುಕೊಂಡವರು, ತಾವಿನ್ನೂ ಬದುಕಿದ್ದೇವೆ ಎಂದು ಸರಕಾರಕ್ಕೆ ತಿಳಿಸಬೇಕಾದವರು, ಎಲ್ಲರೂ ಅವನ ಮುಂದಿನ ಸ್ಟೂಲಿನ ಮೇಲೆ ಕೂತು ಎದ್ದವರೇ. ಅವರು ಹೇಳಿದ್ದರಲ್ಲಿ ಖರೆ ಎಷ್ಟು, ಸುಳ್ಳು ಎಷ್ಟು ಎಂದು ಅವನು ಕೇಳುತ್ತಿರಲಿಲ್ಲ. "ಬೆರಳಷ್ಟೇ ನಂದು, ನಾಲಿಗಿ ಅವರದು" ಎನ್ನುತ್ತಿದ್ದ. ತನ್ನ ಹೆಸರಿನಲ್ಲಿ ಮಾತ್ರ ಅವನು ಒಂದೂ ಅಫಿಡವಿಟ್ ಮಾಡಿಸಿದವನಲ್ಲ. ಪ್ರಮಾಣ ಮಾಡಿ ಹೇಳುವಂಥದ್ದು ಅವನ ಬಾಳಿನಲ್ಲಿ ಏನೂ ನಡೆದಿರಲಿಲ್ಲ.

ತಂದೆ ಭಾಲ್ಕಿ ಕಡೆಯಿಂದ ಗಡಿ ದಾಟಿ ಬಂದು ನಿಲಂಗಾದ ಅಡತಿ ಅಂಗಡಿಯೊಂದರಲ್ಲಿ ಮುನೀಮರಾಗಿದ್ದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಸಿಟ್ಟು ಬಂದರೆ ಹಿಂದಿ. ನಾಗನಾಥನಿಗೆ ಸಿಟ್ಟು ಬರುವುದು ಕಡಿಮೆಯಾದ್ದರಿಂದ ಅವನ ಹಿಂದಿ ಅಷ್ಟಕ್ಕಷ್ಟೇ. ಹೆಂಡತಿ ಸುಮಂಗಲಾ ಔರಾದ ಶಹಾಜನಿಯವಳು. ಗಂಡನ ಸ್ವಭಾವದ ಬಗ್ಗೆ ಯಾರಾದರೂ ಕೇಳಿದರೆ, "ಛಲೋ ಮನಷಾ ಅದಾರ್ರಿ. ಇಟ್ಟಲ್ಲಿ ಇರ್ತಾರ" ಎನ್ನುತ್ತಿದ್ದಳು.

ಇಟ್ಟಲ್ಲಿ ಇದ್ದ ನಾಗನಾಥ ಅಲುಗಾಡಿದ್ದು ಎಂಟು ವರ್ಷದ ಹಿಂದೆ. ಒಂದು ಮಧ್ಯಾಹ್ನ ಇಬ್ಬರು ತರುಣರು ಬಂದು ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತರು. ದುಂಡಗಿದ್ದವನು ಸಿದ್ಧೇಶ್ವರ; ಉಮರ್ಗಾದವನು, ಕನ್ನಡ ಮಾತಾಡುವವನು. ತೆಳ್ಳಗಿದ್ದವನು ನಿಲೇಶ, ಉದಗೀರದ ಮರಾಠಿಯವನು. ಇಬ್ಬರೂ ತಮ್ಮ ತಮ್ಮ ಊರಿನಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದರು. ಯಾವುದೋ ಮದುವೆಗೆ ಒಬ್ಬ ಹೆಣ್ಣಿನ ಕಡೆಯಿಂದಲೂ ಇನ್ನೊಬ್ಬ ಗಂಡಿನ ಕಡೆಯಿಂದಲೂ ಬಂದು, ಮಾಲೆ ಹಾಕುವ ಹೊತ್ತಿಗೆ ಪರಸ್ಪರರ ಕ್ಯಾಮೆರಾಕ್ಕೆ ಅಡ್ಡ ನಿಂತು ಬೈದಾಡಿ ದೋಸ್ತರಾಗಿದ್ದರು. ಈಗ ಕೂಡಿ ಸಿನಿಮಾ ತೆಗೆಯುವ ವಿಚಾರ.

"ಮುಂದ ಜಗಳ ಆಗಬಾರದಂತ ಮೊದಲೇ ಕರಾರ ಮಾಡ್ಕೊಳ್ಳೋದದ್ರಿ" ಎಂದ ಸಿದ್ಧೇಶ್ವರ.

ನಾಗನಾಥ ಕಾಗದ ಏರಿಸಿದ. ಅವರು ಹೇಳುತ್ತಾ ಹೋದರು. ಸಿನಿಮಾದ ಮೊದಲರ್ಧ ಉಮರ್ಗಾದಲ್ಲಿ ಸಿದ್ಧೇಶ್ವರ ತೆಗೆಯತಕ್ಕದ್ದು. ಎರಡನೆಯ ಅರ್ಧ ಉದಗೀರದಲ್ಲಿ ನಿಲೇಶ ತೆಗೆಯತಕ್ಕದ್ದು. ಮೊದಲರ್ಧವಿದ್ದ ಮೆಮೊರಿ ಕಾರ್ಡನ್ನು ನಡುವಿನ ಊರಾದ ನಿಲಂಗಾದ ಬಸ್ ಸ್ಟ್ಯಾಂಡಿನಲ್ಲಿ ಕೈಗೆ ಕೊಡತಕ್ಕದ್ದು. ಕೊಡುವಾಗ 'ಇದರ ಅರ್ಥವೇನು' ಎಂದು ನಿಲೇಶ ಕೇಳಕೂಡದು, 'ಇದರ ಅರ್ಥ ಹೀಗೆ' ಎಂದು ಸಿದ್ಧೇಶ್ವರ ಹೇಳಕೂಡದು. ಎರಡೂ ಅರ್ಧಗಳನ್ನು ಕೂಡಿಸಿ ಯೂಟ್ಯೂಬಿಗೆ ಏರಿಸುವ ಕೆಲಸ ನಿಲೇಶನದು. ಆದರೆ ಒಬ್ಬ ತೆಗೆದದ್ದನ್ನು ಇನ್ನೊಬ್ಬ ಕೂದಲೆಳೆಯಷ್ಟೂ ಮುಟ್ಟಕೂಡದು. ಮುಟ್ಟಿದರೆ ಜೋಡಿ ಮುರಿದಂತೆ.

ಟೈಪ್ ಮಾಡುತ್ತಿದ್ದ ನಾಗನಾಥನ ಬೆರಳು ನಿಂತಿತು. ವೃತ್ತಿಯಲ್ಲಿ ಮೊದಲ ಸಲ ಅವನು ಕಕ್ಷಿದಾರರಿಗೆ ಒಂದು ಪ್ರಶ್ನೆ ಕೇಳಿದ.

"ಮತ್ತ ಕಥಿ?"

"ಕಥಿ ಇಲ್ಲೇ ನಿಲಂಗಾದಾಗ ಕೂಡ್ತದ್ರಿ" ಎಂದ ಸಿದ್ಧೇಶ್ವರ. ನಿಲೇಶ ತಲೆಯಾಡಿಸಿದ.

ಅವರ ಮೊದಲ ಸಿನಿಮಾ 'ಮೂರನೇ ಸೀಟಿ' ಬಂದಾಗ ನಾಗನಾಥ ಅದನ್ನು ಮಧ್ಯಾಹ್ನದ ಬುತ್ತಿ ಬಿಚ್ಚಿಟ್ಟು ಮೊಬೈಲಿನಲ್ಲಿ ನೋಡಿದ. ಉಮರ್ಗಾದ ಒಬ್ಬ ಟೇಲರ್ ತನ್ನ ಅಳತೆ ಟೇಪು ಹುಡುಕುತ್ತಿರುತ್ತಾನೆ. ಅವನು ಕನ್ನಡದಲ್ಲಿ ಮಾತಾಡುತ್ತಾನೆ, ಅವನ ಹೆಂಡತಿ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಅದು ಈ ಕಡೆ ವಿಶೇಷವಲ್ಲ. ಇಂಟರ್ವಲ್ ಆದ ಮೇಲೆ ಟೇಲರನ ಪಾತ್ರಕ್ಕೆ ಬೇರೆಯೇ ಮನುಷ್ಯ ಬರುತ್ತಾನೆ, ಏಕೆಂದರೆ ಉಮರ್ಗಾದ ನಟ ಉದಗೀರಕ್ಕೆ ಹೋಗಲು ಒಪ್ಪಿರಲಿಲ್ಲ. ಹೆಂಡತಿಗೆ ಅದು ತಿಳಿಯುವುದಿಲ್ಲ, ಮಕ್ಕಳಿಗೆ ತಿಳಿಯುವುದಿಲ್ಲ, ಗಿರಾಕಿಗಳಿಗೆ ತಿಳಿಯುವುದಿಲ್ಲ. ಅಂಗಳದಲ್ಲಿ ಕಟ್ಟಿದ ಆಡೊಂದೇ ಅವನನ್ನು ನೋಡಿ ಕೊನೆಯವರೆಗೂ ಒದರುತ್ತದೆ.

ದಿನವೆಲ್ಲ 'ನಾನೇ ಅವನು' ಎಂದು ಪ್ರಮಾಣ ಮಾಡುವವರನ್ನು ಕಂಡಿದ್ದ ನಾಗನಾಥನಿಗೆ ಆ ಆಡು ಕರುಳಿಗೆ ತಾಕಿತು. ಬುತ್ತಿಯನ್ನು ಹಾಗೇ ಕಟ್ಟಿ ಮನೆಗೆ ತಂದು ಕಾರಣ ಹೇಳಿದ. "ಆಡಿನ ಸಲಾಕ ಉಪಾಸ ಇದ್ರೇನು?" ಎಂದು ಸುಮಂಗಲಾ ಕೇಳಿದಳು.

ಎರಡನೆಯ ಸಿನಿಮಾ 'ಮಾವ ಟಾಕಿಯ ಮೇಲೆ'. ಮೊದಲ ಐದು ನಿಮಿಷದಲ್ಲಿ ಸಿದ್ಧೇಶ್ವರ ಒಬ್ಬ ಮಾವನನ್ನು ನೀರಿನ ಟಾಕಿಯ ಮೇಲೆ ಹತ್ತಿಸಿ ಬಿಟ್ಟಿದ್ದ. ಏಕೆ ಹತ್ತಿದನೆಂದು ಕೇಳುವಂತಿಲ್ಲವಾದ್ದರಿಂದ ನಿಲೇಶ ಅವನನ್ನು ಇಳಿಸಲೇ ಇಲ್ಲ. ಮಗಳ ಮದುವೆ ಟಾಕಿಯ ಕೆಳಗೇ ನಡೆಯಿತು, ಮಾವ ಮೇಲಿನಿಂದಲೇ ಅಕ್ಷತೆ ಹಾಕಿದ.

ಇಷ್ಟು ಹೊತ್ತಿಗೆ ಮೂರು ತಾಲೂಕು ಸೇರಿ ಈ ಜೋಡಿಗೆ ಇನ್ನೂರು ಮುನ್ನೂರು ಅಭಿಮಾನಿಗಳು ಹುಟ್ಟಿಕೊಂಡಿದ್ದರು. ಹುಟ್ಟುತ್ತಲೇ ಎರಡು ಪಂಗಡವಾಗಿದ್ದರು. ಉಮರ್ಗಾದವರ ಪ್ರಕಾರ ಸಿನಿಮಾ ಎಂದರೆ ಮೊದಲರ್ಧ, ಉಳಿದದ್ದು ಜೂಠಣ, ಬರೀ ಎಂಜಲು. ಉದಗೀರದವರ ಪ್ರಕಾರ ಮೊದಲರ್ಧವೆಂದರೆ ಹರವಿಟ್ಟ ಕಸ. ಅದನ್ನು ಗುಡಿಸಿ ಮನೆ ಮಾಡುವುದು ಎರಡನೆಯ ಅರ್ಧ. ನಿಲಂಗಾದವರನ್ನು ಎರಡೂ ಕಡೆಯವರು 'ಇಂಟರ್ವಲ್ ಮಂದಿ' ಎಂದು ಕರೆಯುತ್ತಿದ್ದರು. ನಾಗನಾಥನಿಗೆ ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು.

ಭಾನುವಾರ ಕೋರ್ಟು ಬಂದ್ ಇರುತ್ತದೆ, ಶೆಡ್ಡು ಖಾಲಿ. ಹಾಗಾಗಿ ಚರ್ಚೆ ಅಲ್ಲಿಯೇ ಸೇರತೊಡಗಿತು. ಉಮರ್ಗಾದಿಂದ ಬಟ್ಟೆ ವ್ಯಾಪಾರಿ ರವಿಕಾಂತ ಬರುತ್ತಿದ್ದ. ಹಣೆಗೆ ಮೂರು ಬೆರಳಿನ ವಿಭೂತಿ, ಸೀರೆ ಹರವಿದಂತೆ ಮಾತು. ಉದಗೀರದಿಂದ ಶಕುಂತಲಾಬಾಯಿ ಬರುತ್ತಿದ್ದರು. ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದವರು, ಮಾತಿಗಿಂತ ಮೊದಲು ಕನ್ನಡಕ ಒರೆಸಿಕೊಳ್ಳುವವರು. ಮೊದಲ ಭಾನುವಾರವೇ ಇಬ್ಬರ ಕೂಗಿಗೆ ಝೆರಾಕ್ಸ್ ಅಂಗಡಿಯವನು ಶಟರ್ ಎಳೆದುಕೊಂಡ.

"ಮಾವನ ಟಾಕಿ ಮ್ಯಾಲ ಹತ್ತಿಸಿದ್ದು ಯಾರ್ರೀ ಬಾಯಿ? ನಮ್ಮ ಸಿದ್ಧೇಶ್ವರ! ಆ ಎತ್ತರ ಯಾರಿಗಿ ಬರ್ತದ?"

"ಹತ್ತಿಸೋದು ಯಾರಿಗಿ ಬೇಕಾದ್ರ ಬರ್ತದ, ರವಿಕಾಂತ. ಇಳಸಲಾರದೆ ಇರೋದು ಎದಿಗಾರನ ಕೆಲಸ. ಅದು ನಿಲೇಶಂದು."

"ಮ್ಹಣ್ಜೆ? ಅಂದ್ರ ಏನೂ ಮಾಡಲಾರದ್ದು ಮಾಡಿದಂಗ ಏನ್ರಿ?"

"ಸೊನ್ನಿಗಿ ಕಿಮ್ಮತ್ತಿಲ್ಲ ಅಂತ ತಿಳದೀ ಏನು?"

ಮೂರನೆಯ ಭಾನುವಾರ ನಾಗನಾಥ ಮೇಜು ತಟ್ಟಿದ. ಕೂಗುವುದು ಸಾಕು, ಯಾರು ಏನು ಹೇಳಬೇಕಾದರೂ ಅಫಿಡವಿಟ್ ಮಾಡಿ ಹೇಳಬೇಕು ಎಂದ. ಆಡಿದ ಮಾತು ಗಾಳಿಗೆ ಹೋಗುತ್ತದೆ, ಟೈಪಾದದ್ದು ಫೈಲಿಗೆ ಹೋಗುತ್ತದೆ. ಇಬ್ಬರೂ ಒಪ್ಪಿದರು. ಅಲ್ಲಿಂದ ಮುಂದೆ 'ನಾನು ರವಿಕಾಂತ, ವಯ ನಲವತ್ತಾರು, ಧಂದಾ ಬಟ್ಟೆ ವ್ಯಾಪಾರ, ಪ್ರತಿಜ್ಞೆ ಮಾಡಿ ಹೇಳುವುದೇನಂದರೆ, ಸದರಿ ಸಿನಿಮಾದಲ್ಲಿ ಸದರಿ ಆಡು ಎರಡನೇ ಅರ್ಧದಲ್ಲಿ ಮೀರಿ ಒದರಿರುತ್ತದೆ' ಎಂಬ ಧಾಟಿಯಲ್ಲಿ ವಿಮರ್ಶೆ ನಡೆಯಿತು. ಕೋರ್ಟಿನ ಕೆಲಸಕ್ಕೆ ಕಂಪ್ಯೂಟರ್ ಬಂದಿದ್ದರೂ ಇದಕ್ಕೆ ನಾಗನಾಥ ತನ್ನ ಹಳೆಯ ಮರಾಠಿ ಟೈಪ್‌ರೈಟರನ್ನೇ ಬಳಸಿದ. ಮಾತು ಕನ್ನಡ, ಅಕ್ಷರ ಮರಾಠಿ. ಹ್ರಸ್ವ 'ಎ'ಕಾರ, 'ಒ'ಕಾರ ಆ ಮಶೀನಿನಲ್ಲಿ ಇಲ್ಲದ ಕಾರಣ ಎಲ್ಲ ಮಾತೂ ಸ್ವಲ್ಪ ಉದ್ದವಾಗುತ್ತಿತ್ತು. ಆರು ವರ್ಷದಲ್ಲಿ ಹನ್ನೊಂದು ಫೈಲು ತುಂಬಿದವು. ಓದಬಲ್ಲವರು ಭೂಮಿಯ ಮೇಲೆ ಆ ಮೂವರೇ.

ಹೋದ ವರ್ಷ ಮೂರನೆಯ ಸಿನಿಮಾ ಬಂತು, 'ನಾಳೆಯೂ ಸೋಮವಾರ'. ಅದರ ಮೊದಲರ್ಧದಲ್ಲಿ ಒಂದು ಕೂಡುರಸ್ತೆಯಲ್ಲಿ ನಾಯಕ ನಾಯಕಿ ನಿಂತು ಜಗಳಾಡಿ, ಇಬ್ಬರೂ ಆಚೀಚೆ ಹೋಗಿಬಿಡುತ್ತಾರೆ. ಖಾಲಿ ರಸ್ತೆ ಉಳಿಯುತ್ತದೆ. ಆಗ ಒಬ್ಬ ಮುದುಕ ತಲೆಯ ಮೇಲೆ ಬಾಗಿಲು ಹೊತ್ತುಕೊಂಡು, ಕುಂಟುತ್ತಾ, ಎಡದಿಂದ ಬಲಕ್ಕೆ ದಾಟಿ ಹೋಗುತ್ತಾನೆ. ನಡುವೆ ಒಂದು ಹಾಡು. ಹಾಡಿನ ಕೊನೆಗೆ ಅದೇ ಖಾಲಿ ರಸ್ತೆಯಲ್ಲಿ ಬಾಗಿಲು ಹೊತ್ತವನು ಬಲದಿಂದ ಎಡಕ್ಕೆ ದಾಟುತ್ತಾನೆ. ಮುಂದೆ ಸಿನಿಮಾದಲ್ಲಿ ಅವನ ಸುದ್ದಿಯಿಲ್ಲ, ಬಾಗಿಲಿನ ಸುದ್ದಿಯೂ ಇಲ್ಲ.

ಅವನು ಯಮ, ನಾಯಕನ ಮನೆಯ ಬಾಗಿಲು ಕಿತ್ತುಕೊಂಡು ಹೊರಟಿದ್ದಾನೆ ಎಂದು ರವಿಕಾಂತ ನಾಲ್ಕು ಪುಟ ಹೇಳಿ ಬರೆಸಿದ. ಶಕುಂತಲಾಬಾಯಿ ಕನ್ನಡಕ ಒರೆಸಿಕೊಂಡರು.

"ಹೋಗುವಾಗ ಬಲಗಾಲ ಕುಂಟತದ. ಬರುವಾಗ ಎಡಗಾಲ ಕುಂಟತದ. ನಲವತ್ತು ಸರ್ತಿ ನೋಡೀನಿ. ಇಬ್ಬರು ಬ್ಯಾರೆ ಬ್ಯಾರೆ ಮನಷಾರ ಅದಾರ."

ಯಮ ಇಬ್ಬರಿರುವುದು ಸಾಧ್ಯವೇ? ರವಿಕಾಂತನ ವಿಭೂತಿ ಬೆವರಿಗೆ ಕರಗಿತು. ಆಗ ನಾಗನಾಥ, ಒಬ್ಬ ಇಂಟರ್ವಲ್ ಮನುಷ್ಯನಿಗೆ ತಕ್ಕಂತೆ, ನಡುದಾರಿ ಸೂಚಿಸಿದ. ಕಳವಾದರೆ, ಖೂನಿಯಾದರೆ ಪೊಲೀಸರು ಜಾಗಕ್ಕೆ ಹೋಗಿ, ಇಬ್ಬರು ಪಂಚರನ್ನು ಸಾಕ್ಷಿಗೆ ನಿಲ್ಲಿಸಿ, ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತಾರೆ. ಅದರಂತೆ ಈ ದೃಶ್ಯದ ಪಂಚನಾಮೆಯಾಗಲಿ.

ಮುಂದಿನ ಭಾನುವಾರ ಬೆಳಿಗ್ಗೆ ಮೂವರೂ ರವಿಕಾಂತನ ಕಾರಿನಲ್ಲಿ ಸಾಸ್ತೂರ ಕಡೆಯ ಆ ಕೂಡುರಸ್ತೆಗೆ ಹೋದರು. ಟೈಪ್‌ರೈಟರು ನಾಗನಾಥನ ತೊಡೆಯ ಮೇಲಿತ್ತು. ಚಹಾದಂಗಡಿಯವನನ್ನೂ ಕುರಿ ಕಾಯುತ್ತಿದ್ದವನನ್ನೂ ಪಂಚರನ್ನಾಗಿ ಮಾಡಿ, ಪೂರ್ವಕ್ಕೆ ಜಾಲಿ, ಪಶ್ಚಿಮಕ್ಕೆ ತೊಗರಿ ಹೊಲ, ಉತ್ತರಕ್ಕೆ ಕೈಪಂಪು ಎಂದು ಬರೆಯುವಷ್ಟರಲ್ಲಿ ಮೂವತ್ತು ನಲವತ್ತು ಮಂದಿ ನೆರೆದರು. ಟೇಪು ಹಿಡಿದು ರಸ್ತೆ ಅಳೆಯುವವರು ಬಂದಿದ್ದಾರೆಂದರೆ ರಸ್ತೆ ಅಗಲ ಮಾಡಲಿಕ್ಕೇ ಎಂದು ಅವರ ಎಣಿಕೆ.

"ನಮ್ಮ ಬೇವಿನ ಗಿಡ ಬರಕೋರಿ ಸಾಹೇಬ್ರ" ಎಂದು ಬಂಡಮ್ಮ ಎಂಬಾಕೆ ಮುಂದೆ ಬಂದಳು. "ಎರಡು ಮಂದಿ ತಬ್ಬಿದ್ರ ಸಿಗಂಗಿಲ್ಲ, ಹಂಗ ಬರೀರಿ."

"ನಾವು ಸಿನಿಮಾದವರವ್ವಾ."

"ಯಾರರೇ ಇರ್ರಿ. ಗಿಡ ಗಿಡಾನೇ ಅಲ್ಲಾ?"

ನಾಗನಾಥ ಬೇವಿನ ಗಿಡವನ್ನು ಬರೆದುಕೊಂಡ. ಅದನ್ನು ಕಂಡು ಉಳಿದವರೂ ತಮ್ಮ ತಮ್ಮ ಗಿಡ, ಬಾವಿ, ಒಂದು ಮುರುಕು ಗೋಡೆ ಎಲ್ಲ ಬರೆಸಿದರು. ಒಬ್ಬ ತನ್ನ ಅಣ್ಣನ ಮೇಲೆ ದೂರನ್ನೂ ಬರೆಸಿದ. ಪಂಚನಾಮೆ ಐದನೆಯ ಪುಟಕ್ಕೆ ಹೋದಾಗ ಗುಂಪಿನ ಹಿಂದಿನಿಂದ ಒಂದು ದನಿ ಕೇಳಿತು.

"ನೀವು ನನ್ನ ಬಾಗಿಲದ ಸುದ್ದಿಗಿ ಬಂದೀರೇನು?"

ಎಪ್ಪತ್ತು ದಾಟಿದ ಮುದುಕ. ಬಿಳಿ ಟೊಪ್ಪಿಗೆ, ಕೈಯಲ್ಲಿ ಕೋಲು. ನಡೆದು ಬರುವಾಗ ಬಲಗಾಲು ಕುಂಟುತ್ತಿತ್ತು. ಶಕುಂತಲಾಬಾಯಿ ರವಿಕಾಂತನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆರು ವರ್ಷದಲ್ಲಿ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು.

ಹೆಸರು ಶಾಂತವೀರಪ್ಪ, ಸಾಸ್ತೂರದವನು. ಚಹಾದಂಗಡಿಯ ಬೆಂಚಿನ ಮೇಲೆ ಕೂಡಿಸಿ ಹೇಳಿಕೆ ತೆಗೆದುಕೊಂಡರು. ಬಾಗಿಲು ತೊಂಬತ್ಮೂರರ ಭೂಕಂಪದ ಮುಂಚಿನ ಹಳೆಯ ಮನೆಯದು, ಸಾಗವಾನಿಯದು. ಎರಡು ಕದದಲ್ಲಿ ಒಂದು ಅವತ್ತೇ ಹೋಯಿತು, ಒಂದು ಉಳಿಯಿತು. ಸರಕಾರ ಕಟ್ಟಿಕೊಟ್ಟ ಮನೆಯ ಚೌಕಟ್ಟಿಗೆ ಅದು ಕೂಡಲಿಲ್ಲ. ಮೂವತ್ತು ವರ್ಷ ಗೋಡೆಗೆ ಒರಗಿ ನಿಂತಿತ್ತು. ಮಗಳು ದಾನೇಶ್ವರಿ ಹೊಸ ಮನೆ ಕಟ್ಟಿಸುತ್ತಾಳೆಂದು ತಿಳಿದು, ಟೆಂಪೋ ಸಿಗುವ ಈ ಕೂಡುರಸ್ತೆಯವರೆಗೆ ತಾನೇ ಹೊತ್ತು ತಂದಿದ್ದ. ಅಲ್ಲಿಯೂ ಎರಡು ಬೆರಳು ಕಡಿಮೆ ಬಿತ್ತು. ಮರುದಿನ ವಾಪಸ್ಸು.

"ಸಿನಿಮಾ ನೋಡೀರೇನ್ರಿ ಮುತ್ಯಾ?" ನಾಗನಾಥ ಕೇಳಿದ.

"ಅರವತ್ತು ಸರ್ತಿ ನೋಡೀನಿ. ಛಲೋ ಅದ. ಅವರಿಬ್ಬರು ನಡಬರಕ ನಿಂತು ಒದರ್ತಾರಲಾ, ಅವರಿಗಿ ತೆಗದ್ರ ಇನ್ನಾ ಛಲೋ ಆಗ್ತಿತ್ತು. ನಾ ದೂರಿಂದ ಬರೋದೇ ಕಾಣಂಗಿಲ್ಲ." ಚಹಾ ಕುಡಿದು ಮುದುಕ ಮುಂದುವರಿದ. "ಖರೆ ಒಂದ ಮಾತು ತಿಳಿಯಂಗಿಲ್ಲ. ನಾ ಹೊತ್ತು ಹೋಗಿದ್ದು ಒಂದೇ ಸರ್ತಿ. ಬರುವಾಗ ಟೆಂಪೋದಾಗ ಬಂದೀನಿ. ಎರಡನೇ ಸರ್ತಿ ನಡಿಲತ್ತಾನಲಾ, ಅಂವಾ ಯಾರು?"

ನಾಗನಾಥ ಅದನ್ನೂ ಟೈಪ್ ಮಾಡಿದ: 'ಬರುವಾಗ ನಾನು ಟೆಂಪೋದಲ್ಲಿ ಬಂದಿರುತ್ತೇನೆ.' ಕೆಳಗೆ ಮುದುಕ ಹಳೆಯ ಕಾಲದ ಮೋಡಿ ಲಿಪಿಯಂಥ ಒಂದು ಸಹಿ ಹಾಕಿದ.

ಮೂವರೂ ಕಾರಿನಲ್ಲಿ ಹಿಂದಿರುಗಿದರು. ನಿಲಂಗಾ ಬಂದಾಗ ಶಕುಂತಲಾಬಾಯಿ ಒಂದು ಕಾಗದ ತೆಗೆದು ಅದರ ಮೇಲೆ ಕುಂಟುವ ಮನುಷ್ಯನೊಬ್ಬನ ಚಿತ್ರ ಬಿಡಿಸಿ, ಕಾಗದವನ್ನು ತಿರುಗಿಸಿ ಬೆಳಕಿಗೆ ಹಿಡಿದರು. ಎಡದಿಂದ ಬಲಕ್ಕೆ ಹೋಗುತ್ತಿದ್ದವನು ಬಲದಿಂದ ಎಡಕ್ಕೆ ಹೊರಟಿದ್ದ, ಬಲಗಾಲಿನ ಬದಲು ಎಡಗಾಲು ಕುಂಟುತ್ತಿತ್ತು.

"ಕಂಪ್ಯೂಟರದಾಗ ತಿರುವಿ ಹಾಕ್ಯಾರ" ಎಂದರು ಸಣ್ಣ ದನಿಯಲ್ಲಿ. "ಕೂಡಿಸೋ ಕೆಲಸ ನಿಲೇಶಂದು. ಮೊದಲರ್ಧಕ್ಕ ನಿಲೇಶ ಕೈ ಹಚ್ಯಾನ."

ಕರಾರಿನ ಕೊನೆಯ ಸಾಲು ನಾಗನಾಥನಿಗೆ ಬಾಯಿಪಾಠವಿತ್ತು. ಮುಟ್ಟಿದರೆ ಜೋಡಿ ಮುರಿದಂತೆ. ಪಂಚನಾಮೆಯನ್ನು ಹರಿದು ಹಾಕೋಣವೇ ಎಂದರೆ ಇಬ್ಬರು ಪಂಚರ ಸಹಿ ಬಿದ್ದಿತ್ತು; ಬಂಡಮ್ಮನ ಬೇವಿನ ಗಿಡವೂ ಅದರಲ್ಲಿತ್ತು. ಮುಚ್ಚಿಡೋಣವೆಂದರೆ ರವಿಕಾಂತ ಆಗಲೇ ಸಿದ್ಧೇಶ್ವರನಿಗೆ ಫೋನು ಮಾಡಿ, ಎರಡನೆಯ ಬಾಗಿಲಿನವನ ವಿಷಯದಲ್ಲಿ ದೊಡ್ಡದೊಂದು ಪತ್ತೆಯಾಗಿದೆ, ಮುಂದಿನ ಭಾನುವಾರ ಬಾ ಎಂದುಬಿಟ್ಟಿದ್ದ.

ಭಾನುವಾರ ಜೋಡಿ ಬಂತು. ಎಂಟು ವರ್ಷದ ಹಿಂದಿನ ಹಾಗೆಯೇ ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತರು. ಸಿದ್ಧೇಶ್ವರನ ಕಿಸೆಯಲ್ಲಿ ನಾಲ್ಕನೆಯ ಸಿನಿಮಾದ ಮೊದಲರ್ಧದ ಕಾರ್ಡು ಇತ್ತು. ಅದೇ ದಿನ ಕೊಡುವುದಿತ್ತು. ಶಾಂತವೀರಪ್ಪನೂ ಕರೆಯದೆಯೇ ಬಸ್ಸು ಹತ್ತಿ ಬಂದಿದ್ದ. ನಾಗನಾಥ ಪಂಚನಾಮೆ ಓದಿದ. ಮುದುಕನ ಹೇಳಿಕೆ ಬಂದಾಗ ಸಿದ್ಧೇಶ್ವರ ಎದ್ದು ನಿಂತ. ಅವನು ಎದ್ದ ಕೂಡಲೇ ಸ್ಟೂಲು ವಾಲಿ ನಿಲೇಶನೂ ಏಳಬೇಕಾಯಿತು.

"ಆ ದಿನ ಕ್ಯಾಮೆರಾ ಚಾಲೂ ಇಟ್ಟು ನಾ ಭಜಿ ತಿನ್ಲಾಕ ಹೋಗಿದ್ದೆ. ಮುತ್ಯಾ ವಾಪಸ್ ಬಂದಿರಬೇಕು ಅಂತ ತಿಳದಿದ್ದೆ" ಎಂದ ಸಿದ್ಧೇಶ್ವರ. ಮತ್ತೆ ಗೆಳೆಯನ ಕಡೆ ತಿರುಗಿದ. "ನಿಲ್ಯಾ, ಮುಟ್ಟಿದಿ ಏನ್?"

ನಿಲೇಶ ನೆಲ ನೋಡಿದ. ಹಾಡು ಉದ್ದವಾಗಿ ಚಿತ್ರ ಕಡಿಮೆ ಬಿದ್ದು, ಹನ್ನೆರಡು ಸೆಕೆಂಡು ತುಂಬಲಿಕ್ಕೆ ಅವನು ಅದನ್ನು ಮಾಡಿದ್ದು ಎಂಬುದು ಆಮೇಲೆ ತಿಳಿದ ಸಂಗತಿ. ಸಿದ್ಧೇಶ್ವರ ಕಿಸೆಯಿಂದ ಕಾರ್ಡು ತೆಗೆದು ಅರ್ಧ ಕುಡಿದಿಟ್ಟ ಚಹಾದ ಗ್ಲಾಸಿನ ಮೇಲೆ ಹಿಡಿದ.

"ಎರಡನೇದಾಂವ ನಾ ಇದ್ದೆ."

ಎಲ್ಲರೂ ತಿರುಗಿ ನೋಡಿದರು. ಮಾತಾಡಿದವನು ನಾಗನಾಥ. ಅವನೂ ಯಾರು ಮಾತಾಡಿದರೆಂದು ಒಂದು ಕ್ಷಣ ಆಚೀಚೆ ನೋಡಿದ. ಆಮೇಲೆ ಟೈಪ್‌ರೈಟರಿಗೆ ಹೊಸ ಕಾಗದ ಏರಿಸಿ, ಬಾಯಿಂದ ಹೇಳುತ್ತಾ ಬೆರಳಿನಿಂದ ಹೊಡೆಯತೊಡಗಿದ. 'ನಾನು ನಾಗನಾಥ, ವಯ ಐವತ್ನಾಲ್ಕು, ಧಂದಾ ಟೈಪಿಂಗ್, ಮುಕ್ಕಾಮು ನಿಲಂಗಾ, ಪ್ರತಿಜ್ಞೆ ಮಾಡಿ ಹೇಳುವುದೇನಂದರೆ, ಸದರಿ ದಿವಸ ನಾನು ಸದರಿ ಕೂಡುರಸ್ತೆಯಲ್ಲಿ ಇದ್ದು, ಸದರಿ ಬಾಗಿಲನ್ನು ನನ್ನ ತಲೆಯ ಮೇಲೆ ಹೊತ್ತು ಬಲದಿಂದ ಎಡಕ್ಕೆ ನಡೆದಿರುತ್ತೇನೆ.'

ಗೋದಿಯ ಐದು ಕಿಲೋ ಚೀಲವನ್ನೂ ಹೆಂಡತಿಯ ಕೈಯಲ್ಲಿ ಹೊರಿಸುವ ಮನುಷ್ಯ ಅವನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಶಕುಂತಲಾಬಾಯಿ ಕನ್ನಡಕ ಒರೆಸಿಕೊಂಡು ಪಾಟೀಸವಾಲು ಶುರು ಮಾಡಿದರು.

"ಮುತ್ಯಾ ಟೆಂಪೋದಾಗ ಬಂದೀನಿ ಅಂತ ಸಹಿ ಮಾಡ್ಯಾರ. ಬಾಗಿಲ ನಿನ್ನ ತಲಿ ಮ್ಯಾಲ ಹ್ಯಾಂಗ ಬಂತು?"

ನಾಗನಾಥನ ಬೆರಳು ನಿಂತಿತು. ಅಷ್ಟರಲ್ಲಿ ಶಾಂತವೀರಪ್ಪ ಕೋಲು ಊರಿ ಗಂಟಲು ಸರಿಮಾಡಿಕೊಂಡ.

"ನಾ ಟೆಂಪೋದಾಗ ಬಂದೀನಿ ಅಂದೀನ್ರಿ ಬಾಯಿ. ಬಾಗಿಲ ಟೆಂಪೋದಾಗ ಬಂತು ಅಂತ ಅಂದೀನೇನು? ಓದಿ ನೋಡ್ರಿ."

ಓದಿ ನೋಡಿದರು. ಮುದುಕ ಹೇಳಿದ್ದು ನಿಜ. ಪಂಚನಾಮೆಯಲ್ಲಿ ಬಾಗಿಲು ಟೆಂಪೋ ಹತ್ತಿದ ಬಗ್ಗೆ ಒಂದಕ್ಷರವೂ ಇರಲಿಲ್ಲ.

"ಟೆಂಪೋದಾಗ ಜಾಗ ಇದ್ದಿಲ್ಲ. ಈ ಪುಣ್ಯಾತ್ಮರು ಹೊತ್ತು ಮುಂದ ನಡದ್ರು, ಟೆಂಪೋ ಹಿಂದ ಬಂತು" ಎಂದು ಮುದುಕ ಕೂತುಬಿಟ್ಟ.

"ಎದ್ದು ನಡದು ತೋರಸು" ಎಂದರು ಶಕುಂತಲಾಬಾಯಿ.

ನಾಗನಾಥ ಎದ್ದ. ಶೆಡ್ಡಿನ ಬಲಗಡೆಯಿಂದ ಎಡಗಡೆಗೆ, ಎರಡೂ ಕೈಯೆತ್ತಿ ಇಲ್ಲದ ಬಾಗಿಲನ್ನು ಹಿಡಿದು, ಎಡಗಾಲು ಕುಂಟುತ್ತಾ ನಡೆದ. ಅವನ ಕಿವಿಗಳು ಕೆಂಪಾಗಿದ್ದವು. ಯಾರೂ ನಗಲಿಲ್ಲ. ಶಕುಂತಲಾಬಾಯಿ ಬಹಳ ಹೊತ್ತು ಅವನ ಕಾಲನ್ನೇ ನೋಡಿ, ಪೆನ್ನು ತೆಗೆದು ಅಫಿಡವಿಟ್ಟಿನ ಕೆಳಗೆ ಸಾಕ್ಷಿಯ ಸಹಿ ಹಾಕಿದರು. ರವಿಕಾಂತನೂ ಹಾಕಿದ. ಸಿದ್ಧೇಶ್ವರ ಗ್ಲಾಸಿನ ಮೇಲಿದ್ದ ಕಾರ್ಡನ್ನು ನಿಲೇಶನ ಕೈಗೆ ಕೊಟ್ಟ. ಅರ್ಥ ಹೇಳಲಿಲ್ಲ. ನಿಲೇಶ ಕೇಳಲಿಲ್ಲ.

ಸಂಜೆ ಉದಗೀರದ ಬಸ್ಸು ಹತ್ತುವಾಗ ಶಕುಂತಲಾಬಾಯಿ ಮೆಟ್ಟಿಲ ಮೇಲೆ ನಿಂತು ಹೇಳಿದರು: "ನಾಗನಾಥ, ಗಣಿತ ಪೂರಾ ತಪ್ಪದ. ಉತ್ತರ ಬರೋಬರ್ ಅದ."

ಪ್ರಮಾಣ ಮಾಡಿದ್ದೇನೋ ಆಯಿತು, ಅದನ್ನು ನಡೆಸಿಕೊಂಡು ಹೋಗುವುದು ಉಳಿಯಿತು. ಎಡಗಾಲು ಕುಂಟುವ ಮನುಷ್ಯನೆಂದು ಕಾಗದದಲ್ಲಿ ಬಿದ್ದ ಮೇಲೆ ಭಾನುವಾರವಾದರೂ ಕುಂಟಬೇಕಲ್ಲ. ಮನೆಯಿಂದ ಹೊರಡುವಾಗಲೇ ಅಭ್ಯಾಸಕ್ಕೆ ಎಂದು ಶುರು ಮಾಡಿದ. ಸುಮಂಗಲಾ ಹೊಸ್ತಿಲಲ್ಲಿ ನಿಂತು ನೋಡಿದಳು.

"ಏನ್ರೀ, ಕಾಲಿಗಿ ಏನಾಗ್ಯಾದ?"

"ಕೋರ್ಟಿಂದು" ಎಂದ ನಾಗನಾಥ.

"ಜಜ್ಜ ಸಾಹೇಬ್ರು ಕುಂಟು ಅಂದಾರೇನು?"

ಎಲ್ಲ ಹೇಳಿದ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕು ನಕ್ಕು ಕಟ್ಟೆಯ ಮೇಲೆ ಕೂತಳು. ಆಮೇಲೆ ಗಂಭೀರವಾಗಿ, "ನೀವೀಗ ಕುಂಟೋದು ಎಡಗಾಲ ಅಲ್ಲ, ಬಲಗಾಲ ಅದ ನೋಡ್ರಿ" ಎಂದು ತಿದ್ದಿದಳು.

ಹದಿನೈದು ದಿನಕ್ಕೆ ನಿಲೇಶನ ಫೋನು ಬಂತು. ಸಿದ್ಧೇಶ್ವರ ಕೊಟ್ಟ ನಾಲ್ಕನೆಯ ಸಿನಿಮಾದ ಮೊದಲರ್ಧದ ಕೊನೆಯಲ್ಲಿ ಒಂದು ಖಾಲಿ ಚೌಕಟ್ಟು ಬಯಲಿನಲ್ಲಿ ನಿಂತಿದೆಯಂತೆ. ಅದಕ್ಕೆ ಬಾಗಿಲು ತರಬೇಕು. ಬಾಗಿಲು ಹೊರುವವರೆಂದು ತಾಲೂಕಿನಲ್ಲಿ ಕಾಗದಪತ್ರ ಸಮೇತ ಇರುವವರು ನಾಗನಾಥಣ್ಣ ಒಬ್ಬರೇ. "ಅಣ್ಣಾ, ಯಾವಂಚ್ ಲಾಗೇಲ್" ಎಂದ ನಿಲೇಶ. ಬರಲೇಬೇಕು ಎಂದರೆ ಬರಲೇಬೇಕು.

ಉದಗೀರದ ಕೋಟೆಯ ಕೆಳಗಿನ ರಸ್ತೆಯಲ್ಲಿ ಶೂಟಿಂಗ್. ಸಾಗವಾನಿ ಕದ ಸಾಸ್ತೂರದಿಂದ ಟೆಂಪೋದಲ್ಲಿ ಬಂತು. ಶಾಂತವೀರಪ್ಪ ಅದರ ಮೇಲೆಯೇ ಕೂತು ಬಂದ. ನಾಲ್ವರು ಸೇರಿ ಬಾಗಿಲನ್ನು ನಾಗನಾಥನ ತಲೆಯ ಮೇಲೆ ಇಟ್ಟಾಗ ಅವನಿಗೆ ಕುತ್ತಿಗೆ ಭುಜದೊಳಗೆ ಇಳಿದುಹೋದಂತೆ ಅನ್ನಿಸಿತು. ಕುಂಟುವುದನ್ನು ಬೇರೆಯಾಗಿ ನಟಿಸಬೇಕಾಗಲಿಲ್ಲ. ಎರಡೂ ಕಾಲು ಕುಂಟಿದವು. ಹನ್ನೊಂದು ಸಲ ನಡೆಸಿದರು. ಏಳನೆಯ ಸಲ ಅವನು ದಾರಿ ತಪ್ಪಿ ಕಬ್ಬಿನ ಹಾಲಿನ ಅಂಗಡಿಗೆ ನುಗ್ಗಿದ. ಹನ್ನೊಂದನೆಯದಕ್ಕೆ ನಿಲೇಶ "ಝಾಲಂ", ಆಯಿತು, ಎಂದ. ಮುದುಕ ಪಕ್ಕದಲ್ಲೇ ನಡೆಯುತ್ತಾ, "ಕುತ್ತಿಗಿ ಬಿಗಿ ಹಿಡಿಬ್ಯಾಡ್ರಿ, ಅದು ನಿಮಗ ಹೊತ್ತದ ಅಂತ ತಿಳಕೊರಿ" ಎಂದು ಕೊನೆಯವರೆಗೂ ಹೇಳಿಕೊಡುತ್ತಿದ್ದ.

'ಬಾಗಿಲು ಬಂತು' ಬಿಡುಗಡೆಯಾದ ಭಾನುವಾರ ಶೆಡ್ಡಿನಲ್ಲಿ ಮೂವರೂ ಒಂದೇ ಮೊಬೈಲಿನ ಮೇಲೆ ಬಗ್ಗಿ ನೋಡಿದರು. ಮುಗಿದ ಮೇಲೆ ನಾಗನಾಥ ಸುಮ್ಮನೆ ಕಾಗದ ಏರಿಸಿ ಕಾದ. ಮಂದಿಯ ಮಾತು ಅವನ ಬೆರಳಿನಿಂದ ಹೊರಬೀಳುವುದು ರೂಢಿಯೇ, ಆದರೆ ಅದು ಅವನ ಬಗ್ಗೆಯೇ ಇರುವುದು ಇದೇ ಮೊದಲು.

"ಖರೆ ಹೇಳ್ಲೇನ್ರಿ ನಾಗನಾಥಣ್ಣ?" ರವಿಕಾಂತ ತೊಡೆ ತಟ್ಟಿದ. "ಮೊದಲನೇ ಸರ್ತಿ ಏನ್ ನಡದಿದ್ರಿ! ಆ ಸೋಮವಾರದ ಸಿನಿಮಾದಾಗ! ಎಷ್ಟ ಸಹಜ, ಎಷ್ಟ ಹಗುರ. ಇದರಾಗ ಆ್ಯಕ್ಟಿಂಗ್ ಮಾಡ್ಲಾಕ ಹೋಗೀರಿ."

ಈ ನಡಿಗೆ ಉದಗೀರದಲ್ಲಿ ತೆಗೆದದ್ದು, ಎರಡನೆಯ ಅರ್ಧದ್ದು. ಶಕುಂತಲಾಬಾಯಿ ಅದನ್ನು ಬಿಟ್ಟುಕೊಡಲಾರರು ಎಂದು ನಾಗನಾಥ ಅವರ ಮುಖ ನೋಡಿದ. ಅವರು ಕನ್ನಡಕ ಒರೆಸಿಕೊಂಡರು.

"ಈ ಮಾತಿಗಿ ನಾ ರವಿಕಾಂತನ ಕಡಿ" ಎಂದರು. "ಮೊದಲಿನ ಕುಂಟಿನಾಗ ನೋವಿತ್ತು. ಇದರಾಗ ಬರೇ ಬಾಗಿಲದ ವಜ್ಜಿ ಅದ."

ಆರು ವರ್ಷ, ಹನ್ನೊಂದು ಫೈಲು. ಉಮರ್ಗಾ ಮತ್ತು ಉದಗೀರ ಒಂದೇ ಮಾತಿಗೆ ಬಂದದ್ದು ಅದೇ ಮೊದಲು, ಅದೂ ಅವನ ತಲೆಯ ಮೇಲೆ. ಟೈಪ್‌ರೈಟರಿನ ಮುಂದೆ ಕೂತಿದ್ದ ನಾಗನಾಥನಿಗೆ, ಬಾಳಿನಲ್ಲಿ ಅಪರೂಪಕ್ಕೆ, ಸಿಟ್ಟು ಬಂತು.

"ಕ್ಯಾ ಸಮಝತೇ ತುಮ ಲೋಗ? ಗ್ಯಾರಾ ಬಾರ ಚಲ್ಯಾ ಮೈ!" ಎಂದು ಕೂಗಿದ. "ಹನ್ನೊಂದು ಸರ್ತಿ ನಡದೀನಿ! ಆ ಮೊದಲಿಂದರಾಗ ಏನದರೀ? ಹನ್ನೆರಡು ಸೆಕೆಂಡ! ಬಂದ, ಹೋದ!"

"ನಿಮ್ಮ ಕೆಲಸ ನೀವೇ ಸಣ್ಣ ಮಾಡ್ಕೋಬ್ಯಾಡ್ರಿ ಅಣ್ಣಾ" ಎಂದು ರವಿಕಾಂತ ನೊಂದುಕೊಂಡು ಹೇಳಿದ.

ಆ ದಿನ ಅವನು ಇಬ್ಬರ ಅಫಿಡವಿಟ್ಟನ್ನೂ ಒಂದಕ್ಷರ ಬಿಡದೆ ಟೈಪ್ ಮಾಡಿದ. ತನ್ನ ಕೈಯಿಂದಲೇ ತನ್ನ ನಟನೆ ನೀರಸವಾಗಿರುತ್ತದೆ ಎಂದು ಎರಡು ಸಲ ಬರೆದು, ಕುಂಟುತ್ತಾ ಮನೆಗೆ ಬಂದ. ಈಗ ಅದು ನಿಜವಾದ ಕುಂಟು, ನರ ಹಿಡಿದಿತ್ತು. ಊಟಕ್ಕೆ ಕೂತಾಗ ಶಾಂತವೀರಪ್ಪನ ಫೋನು.

"ಸಿನಿಮಾ ನೋಡದೆ. ಛಲೋ ಮಾಡೀರಿ, ಚಿಂತಿ ಮಾಡಬ್ಯಾಡ್ರಿ. ಖರೆ ನಂಗ ಕೇಳಿದ್ರ ಮೊದಲಿಂದು ಇನ್ನಾ ಛಲೋ ಇತ್ತು. ಅವತ್ತ ನಿಮಗ ಕ್ಯಾಮೆರಾ ಇದ್ದಿದ್ದು ಗೊತ್ತಿರ್ಲಿಲ್ಲ ನೋಡ್ರಿ, ಅದಕ್ಕ."

ನಾಗನಾಥ ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

"ಹೌದ್ರಿ ಮುತ್ಯಾ" ಎಂದ. "ಅವತ್ತಿಂದು ನಂಗೂ ಹಾಂಗೇ ಅನಸ್ತದ."

ಫೋನು ಇಟ್ಟು, ರೊಟ್ಟಿ ಮುರಿದುಕೊಂಡ. ಸುಮಂಗಲಾ ಶೇಂಗಾ ಹಿಂಡಿ ಬಡಿಸುತ್ತಾ, ಯಾರದು ಎಂದು ಕೇಳಿದಳು. ಜೊತೆಗೆ ಕೆಲಸ ಮಾಡಿದವರು ಎಂದ.